ರಾಷ್ಟ್ರಪತಿಗಳಿಗೆ ಬರೆಯಬೇಕೆಂದ ಅರ್ಜಿ

ಕಳೆದ ತಿಂಗಳು ಜಮಖಂಡಿಯ ನನ್ನ ಕಚೇರಿಗೆ ಹಿರಿಯ ರೈತರೊಬ್ಬರು ಬಂದಿದ್ದರು. ಕೃಷ್ಣೆಯ ಹಿನ್ನೀರಿಗೆ ಹೊಲ ಹೋಗಿದೆ, ಹೆಚ್ಚುವರಿ ಪರಿಹಾರದ ಕಡತ ವರ್ಷಗಳಿಂದ ಅಲುಗಾಡಿಲ್ಲ. ಗೊಬ್ಬರದ ಚೀಲದಲ್ಲಿ ತಂದಿದ್ದ ಕಾಗದಗಳನ್ನು ಮೇಜಿನ ಮೇಲೆ ಹರವಿ, "ಕೆಳಗಿನವರ ಸಹವಾಸ ಸಾಕು ವಕೀಲರೇ, ನೇರವಾಗಿ ರಾಷ್ಟ್ರಪತಿಗಳಿಗೇ ಬರೆಯಿರಿ. ಅವರು ಸಹಿ ಹಾಕಿದರೆ ಮುಗಿಯಿತು" ಎಂದರು.

ಕೇಂದ್ರದ ಆದೇಶಗಳು ರಾಷ್ಟ್ರಪತಿಯ ಹೆಸರಿನಲ್ಲೇ ಹೊರಡುತ್ತವೆ. ಹಾಗಾಗಿ ಅಧಿಕಾರವೂ ಅಲ್ಲೇ ಇದೆ ಎಂದು ಜನ ನಂಬುತ್ತಾರೆ. ಆದರೆ ಸಂವಿಧಾನದ 74ನೇ ವಿಧಿಯ ಪ್ರಕಾರ ರಾಷ್ಟ್ರಪತಿ ನಡೆದುಕೊಳ್ಳಬೇಕಾದದ್ದು ಮಂತ್ರಿಮಂಡಲದ ಸಲಹೆಯಂತೆ. ಇದರ ಬಿಗಿಯನ್ನು ನಮ್ಮ ಊರಿನವರೇ ಅನುಭವಿಸಿದ್ದಾರೆ. ಸಾವಳಗಿಯಲ್ಲಿ ಹುಟ್ಟಿ, ಇದೇ ಜಮಖಂಡಿಯಲ್ಲಿ ವಕೀಲಿ ಮಾಡಿದ್ದ ಬಿ.ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆಗಷ್ಟೇ ಗೆದ್ದು ಬಂದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ವಜಾ ಮಾಡುವ ಕಡತವನ್ನು ಅವರ ಮುಂದಿಟ್ಟಿತು. ಜತ್ತಿ ತಡೆದರು. ಪಕ್ಷಪಾತಿ ಎಂಬ ಟೀಕೆಯನ್ನೂ ಕೇಳಿದರು. ಆದರೆ ಸಲಹೆಗೆ ರಾಷ್ಟ್ರಪತಿ ಬದ್ಧ ಎಂದು 42ನೇ ತಿದ್ದುಪಡಿ ಹಿಂದಿನ ವರ್ಷವೇ ಸ್ಪಷ್ಟವಾಗಿ ಬರೆದಿಟ್ಟಿತ್ತು. ಏಪ್ರಿಲ್ 30ರಂದು ಅಂಕಿತ ಹಾಕಿದರು. ಮರುಪರಿಶೀಲನೆಗೆಂದು ಸಲಹೆಯನ್ನು ಒಮ್ಮೆ ಹಿಂದಿರುಗಿಸುವ ಅವಕಾಶ ರಾಷ್ಟ್ರಪತಿಗೆ ಸಿಕ್ಕಿದ್ದು ಆಮೇಲೆ, 44ನೇ ತಿದ್ದುಪಡಿಯಲ್ಲಿ.

ಹಾಗಿದ್ದರೆ ಆ ಲೇಖನಿಗೆ ಇನ್ನಷ್ಟು ಬಲ ಕೊಡಬೇಕಿತ್ತೇ? ಖಂಡಿತ ಬೇಡ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಒಬ್ಬರ ಸಹಿಯನ್ನು ನಂಬಿ ಕೂತರೆ ಆಗುವುದು ಹೀಗೆ. ಈಗ ಸಂಪುಟದ ಲಿಖಿತ ತೀರ್ಮಾನವಿಲ್ಲದೆ ಅಂಥ ಘೋಷಣೆ ಸಾಧ್ಯವಿಲ್ಲ. ಒಂದು ತಿಂಗಳೊಳಗೆ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪದಿದ್ದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ತಡೆ ಇರಬೇಕಾದದ್ದು ಸದನದಲ್ಲಿ, ನಾಲ್ಕು ಜನರ ಎದುರು.

ಇದಕ್ಕೆ ಕೋರ್ಟಿನ ಮುದ್ರೆ ಬಿದ್ದದ್ದು ನಮ್ಮ ರಾಜ್ಯದ ಪ್ರಕರಣದಲ್ಲೇ. 1989ರ ಏಪ್ರಿಲ್‌ನಲ್ಲಿ ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳನ್ನು ಮುಂದಿಟ್ಟುಕೊಂಡು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳಿಸಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದು ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರೂ ಬಿಡಲಿಲ್ಲ, ಸರ್ಕಾರ ಹೋಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಬೊಮ್ಮಾಯಿಯವರ ಕುರ್ಚಿಯೇನೂ ಮರಳಲಿಲ್ಲ. ಆದರೆ ಅವರ ನಂತರ ಬಂದ ಎಷ್ಟೋ ಮುಖ್ಯಮಂತ್ರಿಗಳಿಗೆ ಆ ತೀರ್ಪೇ ಗುರಾಣಿಯಾಯಿತು.

ರೈತರಿಗೆ ಇಷ್ಟೆಲ್ಲ ಹೇಳಲಿಲ್ಲ. ನೆಲದ ಪರಿಹಾರ ರಾಜ್ಯ ಸರ್ಕಾರದ ಕೆಲಸ, ಅದನ್ನು ಕೇಳುವ ಹಕ್ಕು ನಿಮ್ಮ ಶಾಸಕರಿಗಿದೆ ಎಂದೆ. ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರಲ್ಲಿ ಉದ್ಘಾಟಿಸಿದವರು ರಾಷ್ಟ್ರಪತಿ ಪ್ರಣಬ್ ಮುಖರ್ಜಿ. ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬೇಕಾದವರು ನಾವು ಆರಿಸಿ ಕಳಿಸಿದವರು. ಚಳಿಗಾಲದ ಅಧಿವೇಶನ ನಡೆಯುವುದೇ ಬೆರಳೆಣಿಕೆಯ ದಿನ. ಅದರಲ್ಲೂ ಪ್ರಶ್ನೋತ್ತರ ಅವಧಿ ಗದ್ದಲದಲ್ಲಿ ಕೊಚ್ಚಿಹೋದರೆ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಆ ಒಂದು ಗಂಟೆಯಲ್ಲಿ ಇಂಥ ಹತ್ತು ಚೀಲಗಳ ಕಾಗದ ಅಡಗಿರುತ್ತದೆ.

ರಾಷ್ಟ್ರಪತಿಗಳಿಗೆಂದು ತಂದಿದ್ದ ಹಾಳೆಯಲ್ಲೇ ಶಾಸಕರಿಗೆ ಪತ್ರ ಬರೆದೆವು. ಸರ್ವೇ ನಂಬರ್, ಅವಾರ್ಡ್ (ಪರಿಹಾರ ನಿಗದಿಯ ಆದೇಶ) ಆದ ದಿನಾಂಕ, ಬಾಕಿ ಮೊತ್ತ, ಕೊನೆಗೆ ಒಂದೇ ಪ್ರಶ್ನೆ: ಈ ಹಣವನ್ನು ಯಾವ ದಿನಾಂಕದೊಳಗೆ ಕೊಡಲಾಗುವುದು? "ಶೀಘ್ರದಲ್ಲೇ ಎಂದುಬಿಟ್ಟರೆ?" ಎಂದು ರೈತರು ಕೇಳಿದರು. ಸದನದಲ್ಲಿ ಮಂತ್ರಿ ಕೊಟ್ಟ ಮಾತು ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯೇ ಇದೆ ಎಂದೆ. ಅವರು ಪೆನ್ನು ಈಸಿಕೊಂಡು, ಆ ಸಮಿತಿಯ ಹೆಸರನ್ನು ಚೀಲದ ಮೇಲೆಯೇ ಬರೆದುಕೊಂಡರು.