ಎಂಟು ತಿಂಗಳಾಯ್ತು, ಹೆಂಡತಿ ಇನ್ನೂ ಮೊದಲಿನ ಹಾಗಿಲ್ಲ. ನಾನೇನು ಮಾಡಲಿ?

ಪ್ರಶ್ನೆ: ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿದ್ದೇವೆ. ಎಂಟು ತಿಂಗಳ ಹಿಂದೆ ಪರಿಚಯದವನೊಬ್ಬ ನನ್ನ ಹೆಂಡತಿಯ ಮೇಲೆ ಅತ್ಯಾಚಾರ ಮಾಡಿದ. ಕೇಸು ನಡೆಯುತ್ತಿದೆ. ಅವಳು ಕೆಲಸಕ್ಕೆ ಹೋಗುತ್ತಾಳೆ, ಅಡುಗೆ ಮಾಡುತ್ತಾಳೆ, ನಗುತ್ತಾಳೆ ಕೂಡ. ಆದರೆ ರಾತ್ರಿ ನಾನು ಮಗ್ಗುಲು ಬದಲಿಸಿದರೂ ಬೆಚ್ಚಿ ಏಳುತ್ತಾಳೆ. ಯಾವಾಗ ಸರಿಹೋಗುತ್ತಾಳೆ? ನಾನೇನು ಮಾಡಬೇಕು? ನನಗೂ ನಿದ್ದೆಯಿಲ್ಲ. ಅದನ್ನು ಯಾರ ಹತ್ತಿರ ಹೇಳಲಿ? ಊರಿನಲ್ಲಿರುವ ಅಮ್ಮನಿಗೆ ತಿಳಿಸಬೇಕಾ?

ಉತ್ತರ: ನಿಮ್ಮ ಪತ್ರವನ್ನು ಚಿಕ್ಕದಾಗಿಸಿ, ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಕಾನೂನಿನ ಪ್ರಕಾರವೂ ಅಪರಾಧ. ಇದೇ ಪ್ರಶ್ನೆಯನ್ನು ಅಮ್ಮಂದಿರು, ಅಣ್ಣಂದಿರು, ಮದುವೆ ನಿಶ್ಚಯವಾದ ಹುಡುಗರು ಎಲ್ಲರೂ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ಯಾವಾಗ’ ಅನ್ನುವುದಕ್ಕೆ ತಾರೀಖು ಹೇಳಲು ಯಾರಿಂದಲೂ ಆಗುವುದಿಲ್ಲ. ಕೆಲವರಿಗೆ ಮೊದಲ ಕೆಲವು ತಿಂಗಳಲ್ಲಿ ನಿದ್ದೆ, ಊಟ ಮೆಲ್ಲಗೆ ಹಾದಿಗೆ ಬರುತ್ತದೆ. ಇನ್ನು ಕೆಲವರಿಗೆ ಬೆಚ್ಚಿ ಬೀಳುವುದು, ಕೆಟ್ಟ ಕನಸು, ಕೆಲವು ಜಾಗ, ಕೆಲವು ವಾಸನೆಗಳಿಂದ ದೂರ ಓಡುವುದು ಮುಂದುವರಿಯುತ್ತದೆ. ಒಂದು ತಿಂಗಳು ದಾಟಿಯೂ ಇವು ಕಾಡುತ್ತಿದ್ದರೆ ಅದು ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇರಬಹುದೇ ಎಂದು ಮನೋವೈದ್ಯರು ಪರೀಕ್ಷಿಸುತ್ತಾರೆ. ನಿಮ್ಮ ಮನೆಯಲ್ಲಿ ಎಂಟು ತಿಂಗಳಾಗಿದೆ. ‘ತಾನಾಗಿಯೇ ಸರಿಹೋಗುತ್ತದೆ’ ಎಂದು ಸುಮ್ನೆ ಕಾಯುವುದು ಬೇಡ. ಇದಕ್ಕೆಂದೇ ಇರುವ ಮಾತಿನ ಚಿಕಿತ್ಸೆಗಳಿವೆ, ಬೇಕಾದರೆ ಮಾತ್ರೆಯೂ ಇದೆ. ಬಾಂದ್ರಾದ ಕೆ.ಬಿ. ಭಾಭಾ ಆಸ್ಪತ್ರೆಯಲ್ಲಿ ಮೊದಲು ಶುರುವಾಗಿ, ಆಮೇಲೆ ಮುಂಬೈ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಹಬ್ಬಿದ ದಿಲಾಸಾ ಕೇಂದ್ರಗಳಲ್ಲಿ ಹಿಂಸೆಗೊಳಗಾದ ಹೆಂಗಸರಿಗೆ ಆಪ್ತಸಲಹೆ ಸಿಗುತ್ತದೆ. ಹೋಗಬೇಕೋ ಬೇಡವೋ ನಿಮ್ಮ ಹೆಂಡತಿಯೇ ತೀರ್ಮಾನಿಸಲಿ. ವಿಳಾಸ, ಸಮಯ ಹುಡುಕಿ ಕೊಡುವ ಕೆಲಸ ನೀವು ಮಾಡಿ.

ಕೇಸು ನಡೆಯುತ್ತಿದೆ ಎಂದಿದ್ದೀರಿ. ಪ್ರತಿ ತಾರೀಖಿನ ಆಸುಪಾಸು ಅವರು ಮತ್ತೆ ಕುಗ್ಗಬಹುದು. ಅದನ್ನು ನೋಡಿ ‘ಚೇತರಿಸಿಕೊಂಡಿದ್ದೆಲ್ಲ ಹೋಯಿತು’ ಅಂದುಕೊಳ್ಳಬೇಡಿ. ಇಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲ ಕೋರ್ಟಿನಲ್ಲಿ ನಡೆಯುತ್ತದೆ. ‘ನಾನು ಒಳಗೆ ಇರಲಾ, ಹೊರಗೆ ಕೂರಲಾ?’ ಎಂದು ಮೊದಲೇ ಕೇಳಿ. ಗಂಡನ ಎದುರು ಆ ವಿವರಗಳನ್ನು ಹೇಳುವುದು ಎಷ್ಟೋ ಹೆಂಗಸರಿಗೆ ವಕೀಲರ ಪಾಟೀಸವಾಲಿಗಿಂತ ಕಷ್ಟ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯೂ ನಿಮ್ಮ ಪತ್ರದಲ್ಲಿದೆ. ‘ಅವಳು ಕಿರುಚಲೂ ಇಲ್ಲವಂತೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಆ ಸಾಲು ನಿಮ್ಮನ್ನು ಒಳಗೊಳಗೇ ಕೊರೆಯುತ್ತಿದೆ ಅಲ್ವಾ? ಪ್ರಾಣಭಯ ಬಂದಾಗ ದೇಹ ಹೋರಾಡಬಹುದು, ಓಡಬಹುದು, ಇಲ್ಲವೇ ಮರಗಟ್ಟಿ ಹೋಗಬಹುದು. ಕೈಕಾಲು ಆಡುವುದಿಲ್ಲ, ಗಂಟಲಿನಿಂದ ದನಿ ಹೊರಡುವುದಿಲ್ಲ. ಇದು ಯೋಚಿಸಿ ಮಾಡುವ ಕೆಲಸವಲ್ಲ, ಮಿದುಳು ತಾನಾಗಿಯೇ ಹಾಕುವ ಬೀಗ. ಮಾಡಿದವನು ಪರಿಚಯದವನಾಗಿದ್ದರೆ ಗೊಂದಲ ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಗೊತ್ತಿದ್ದವನೇ ಆಗಿರುತ್ತಾನೆ.

ಹೀಗೆ ಮರಗಟ್ಟುವುದನ್ನು ಅರ್ಥ ಮಾಡಿಕೊಳ್ಳಲು ಕೋರ್ಟಿಗೂ ಕಾಲ ಹಿಡಿಯಿತು. 1972ರಲ್ಲಿ ಇದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ, ಪೊಲೀಸ್ ಠಾಣೆಯೊಳಗೆ, ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರದ ಆರೋಪ ಬಂತು. ಮಥುರಾ ಪ್ರಕರಣ ಎಂದೇ ಅದು ಹೆಸರಾಗಿದೆ. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಇದನ್ನು ಖಂಡಿಸಿ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮೈಯಿಂದ ವಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತು ಅನ್ನುವ ಹಾಗಿಲ್ಲ ಎಂಬ ಮಾತು 2013ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಸೇರಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಅದು ಇದೆ. ನಿಮ್ಮ ಹೆಂಡತಿಗೆ ಕಾನೂನಿನ ಪಾಠ ಬೇಕಿಲ್ಲ. ‘ನೀನು ಆಗ ಏನು ಮಾಡಿದೆಯೋ ಅದರಿಂದಲೇ ಬದುಕಿ ಬಂದೆ’ ಎಂದು ನಿಮ್ಮ ಬಾಯಿಂದ ಒಮ್ಮೆ ಕೇಳಿದರೆ ಸಾಕು.

ಇನ್ನು ನೀವು ಮಾಡುತ್ತಿರುವುದರ ಬಗ್ಗೆ. ಹೆಂಡತಿ ಕೆಲಸಕ್ಕೆ ಹೋಗುವಾಗ ರೈಲು ಥಾಣೆ ಸ್ಟೇಷನ್ ತಲುಪಿದಾಗ ನಿಮ್ಮದೊಂದು ಮೆಸೇಜು, ಘಾಟ್ಕೋಪರಿನಲ್ಲಿ ಇಳಿದು ಮೆಟ್ರೋ ಹತ್ತಿದಾಗ ಒಂದು, ಅಂಧೇರಿಯಲ್ಲಿ ಇನ್ನೊಂದು. ‘ತಲುಪಿದ್ಯಾ?’ ಉತ್ತರ ಐದು ನಿಮಿಷ ತಡವಾದರೆ ಫೋನು. ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಆ ಗರ್ದಿಯಲ್ಲಿ, ಲೇಡೀಸ್ ಡಬ್ಬಿಯಲ್ಲಿ ಒಂಟಿ ಕಾಲಲ್ಲಿ ನಿಂತು, ಬ್ಯಾಗಿನಿಂದ ಫೋನ್ ತೆಗೆದು ‘ಹೂಂ’ ಎಂದು ಟೈಪ್ ಮಾಡುವಾಗ ಅವರಿಗೆ ನೆನಪಾಗುವುದು ಏನು? ಇಂದು ಏನಾದರೂ ಆಗಬಹುದು ಅನ್ನುವುದೇ. ಎಷ್ಟು ಮೆಸೇಜು ಬೇಕು ಎಂದು ಅವರನ್ನೇ ಕೇಳಿ. ‘ಒಂದೂ ಬೇಡ’ ಅಂದರೆ ಒಪ್ಪಿಕೊಳ್ಳಿ. ಆ ಚಡಪಡಿಕೆ ನುಂಗುವುದು ನಿಮ್ಮ ಪಾಲಿನ ಕೆಲಸ.

ಆ ದಿನ ಅವರ ‘ಬೇಡ’ಕ್ಕೆ ಬೆಲೆಯೇ ಇರಲಿಲ್ಲ. ಅದಕ್ಕೇ ಈಗ ಸಣ್ಣಪುಟ್ಟ ವಿಷಯದಲ್ಲೂ ಅವರ ಹೂಂ, ಉಹೂಂ ನಡೆಯಬೇಕು. ಲೈಟು ಇರಲಾ, ಆರಿಸಲಾ? ಗೋಡೆ ಕಡೆ ಮಲಗುತ್ತೀಯಾ, ಬಾಗಿಲ ಕಡೆಯಾ? ಒಂದು ರೂಮು, ಒಂದು ಅಡುಗೆಮನೆಯಲ್ಲಿ ಬೇರೆ ಹಾಸಿಗೆ ಹಾಕುವುದು ಸುಲಭವಲ್ಲ, ಗೊತ್ತು. ಆದರೂ ಅವರು ಕೇಳಿದರೆ ಚಾಪೆ ಬಿಡಿಸಿಕೊಳ್ಳಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ, ಎದುರು ಬಂದು ಮಾತಾಡಿಸಿ. ಇವತ್ತು ಅಪ್ಪಿಕೊಂಡವರು ನಾಳೆ ದೂರ ಸರಿಯಬಹುದು. ದಾಂಪತ್ಯದ ವಿಷಯವೂ ಅಷ್ಟೇ: ಶುರು ಅವರಿಂದ ಆಗಲಿ, ನಡುವೆ ನಿಲ್ಲಿಸು ಅಂದರೆ ನಿಲ್ಲಿಸಿ. ಆಮೇಲೆ ಮುಖ ಊದಿಸಿಕೊಂಡು ಕೂತರೆ ಮುಂದಿನ ಸಲ ಅವರು ಬೇಡವೆನ್ನಲೂ ಹೆದರುತ್ತಾರೆ.

‘ಅವನನ್ನು ಮುಗಿಸಿಬಿಡುತ್ತೇನೆ’ ಎಂದು ಅವರ ಮುಂದೆ ಎರಡು ಸಲ ಹೇಳಿದ್ದೀರಂತೆ. ಗಂಡಸರು ಇದನ್ನು ಪ್ರೀತಿ ಅಂದುಕೊಳ್ಳುತ್ತಾರೆ. ಹೆಂಡತಿಗೆ ಕೇಳಿಸುವುದೇ ಬೇರೆ: ಗಂಡ ಜೈಲಿಗೆ ಹೋದರೆ? ಆಗ ತನ್ನ ನೋವು ಪಕ್ಕಕ್ಕಿಟ್ಟು ನಿಮ್ಮನ್ನು ಸಮಾಧಾನ ಮಾಡಲು ಕೂರುತ್ತಾರೆ. ನಿಧಾನಕ್ಕೆ ಏನನ್ನೂ ಹೇಳುವುದನ್ನೇ ಬಿಡುತ್ತಾರೆ.

ಹಾಗಂತ ನಿಮ್ಮ ಸಿಟ್ಟು, ನಿದ್ದೆಗೇಡು ಸುಳ್ಳಲ್ಲ. ಹತ್ತಿರದವರಿಗೆ ಹೀಗಾದಾಗ ಜೊತೆಗಿರುವವರಿಗೂ ಅದೇ ಥರದ ಲಕ್ಷಣ ಕಾಣಿಸಿಕೊಳ್ಳುವುದುಂಟು. ‘ನಾನು ಅಲ್ಲಿರಬೇಕಿತ್ತು’ ಎಂಬ ತಪ್ಪಿತಸ್ಥ ಭಾವ ಗಂಡಂದಿರಲ್ಲಿ, ತಂದೆಯರಲ್ಲಿ ತುಂಬ ಸಾಮಾನ್ಯ. ಅದನ್ನು ಹೊರಹಾಕಲು ನಿಮ್ಮ ಹೆಂಡತಿಯಲ್ಲದೆ ಇನ್ನೊಬ್ಬರು ಬೇಕು. ಸಂಘದ ವಾಟ್ಸಾಪ್ ಗುಂಪಿನ ಗೆಳೆಯ ಖಂಡಿತ ಬೇಡ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಿಂದ ಇದೆ, ನಂಬರು 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಮನೆಯಲ್ಲಿ ಮಾತಾಡಲು ಜಾಗವಿಲ್ಲದಿದ್ದರೆ ಬಿಲ್ಡಿಂಗಿನ ಟೆರೇಸಿಗೆ ಹೋಗಿ. ಇಬ್ಬರಲ್ಲಿ ಯಾರಿಗಾದರೂ ಸಾಯುವ ಯೋಚನೆ ಬಂದರೆ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಣದ ಬಗ್ಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ 2013ರಿಂದ ಮನೋಧೈರ್ಯ ಎಂಬ ನೆರವಿನ ಯೋಜನೆಯಿದೆ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಕೊನೆಗೆ ನಿಮ್ಮ ಅಮ್ಮನ ವಿಷಯ. ಹೇಳಬೇಕೋ, ಎಷ್ಟು ಹೇಳಬೇಕು ಎಂಬುದು ಪೂರ್ತಿ ನಿಮ್ಮ ಹೆಂಡತಿಗೆ ಬಿಟ್ಟದ್ದು. ‘ಸೊಸೆ ಯಾಕೆ ಸಪ್ಪಗಿದ್ದಾಳೆ, ನಾಲ್ಕು ದಿನ ಊರಿಗೆ ಕಳಿಸು, ಒಂದು ಹರಕೆ ಹೇಳಿಕೊಳ್ಳೋಣ’ ಎಂದು ಅಮ್ಮ ಫೋನಿನಲ್ಲಿ ಒತ್ತಾಯಿಸುತ್ತಿದ್ದಾರೆ. ಊರಿನ ಗಾಳಿಯಿಂದ ಹಗುರಾಗುವವರೂ ಇದ್ದಾರೆ. ಪ್ರಶ್ನೆ ಕೇಳುವ ನೆಂಟರ ನಡುವೆ ಇನ್ನಷ್ಟು ಮುದುಡುವವರೂ ಇದ್ದಾರೆ. ಹೆಂಡತಿ ಬೇಡ ಅಂದರೆ ನೀವೇ ಫೋನ್ ತೆಗೆದುಕೊಂಡು ಹೇಳಿ: ‘ಅಮ್ಮಾ, ಅವಳಿಗೆ ಹುಷಾರಿಲ್ಲ, ಔಷಧಿ ನಡೀತಾ ಇದೆ. ಸದ್ಯಕ್ಕೆ ಬರೋದಿಲ್ಲ. ಇನ್ನು ಇದರ ಬಗ್ಗೆ ನನ್ನನ್ನೇ ಕೇಳು, ಅವಳನ್ನ ಕೇಳಬೇಡ.’