ಎ.ಸಿ.ಯಿಂದ ನೀರು ತೊಟ್ಟಿಕ್ಕಿದರೆ ಗ್ಯಾಸ್ ತುಂಬಿಸಲೇಬೇಕೆ?

ಪ್ರಶ್ನೆ: ನಮ್ಮ ಮನೆ ಉಡುಪಿಯಲ್ಲಿದೆ. ಮಲಗುವ ಕೋಣೆಯ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ.ಯನ್ನು ಕೆಲವು ತಿಂಗಳು ಬಳಸಿರಲಿಲ್ಲ. ಬೇಸಿಗೆಗೆ ಮತ್ತೆ ಶುರು ಮಾಡಿದಾಗಿನಿಂದ ಒಳಗಿನ ಯೂನಿಟ್‌ನಿಂದ ಗೋಡೆಯ ಮೇಲೆ ನೀರು ಇಳಿಯುತ್ತಿದೆ. ತಂಪೇನೋ ಮೊದಲಿನಂತೆಯೇ ಬರುತ್ತದೆ. ಮೆಕ್ಯಾನಿಕ್ ಮಾತ್ರ ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು ಎನ್ನುತ್ತಾರೆ. ಇದು ಸರಿಯೇ?

ಉತ್ತರ: ತಂಪು ಮೊದಲಿನಂತೆಯೇ ಇದೆ ಎಂದು ನೀವೇ ಹೇಳುತ್ತಿರುವುದರಿಂದ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ತೀರಾ ಕಡಿಮೆ. ಗೋಡೆಯ ಮೇಲೆ ಇಳಿಯುತ್ತಿರುವುದು ನಿಮ್ಮ ಕೋಣೆಯ ಗಾಳಿಯಲ್ಲೇ ಇದ್ದ ತೇವ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ, ಒಳಗಿನ ಯೂನಿಟ್‌ನ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಕೊಳವೆಗಳ ಸುರುಳಿ) ಕೂಡ ಬೆವರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 70 ತೇವಾಂಶವಿರುವ ಗಾಳಿ ಸುಮಾರು 24 ಡಿಗ್ರಿಗೆ ಇಳಿದ ಕೂಡಲೇ ನೀರು ಬಿಡಲು ಆರಂಭಿಸುತ್ತದೆ. ಕಾಯಿಲ್ ಅದಕ್ಕಿಂತ ಬಹಳ ತಣ್ಣಗೆ, ಹತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಕರಾವಳಿಯ ಸೆಕೆಯ ದಿನಗಳಲ್ಲಿ ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಒಂದೆರಡು ಲೀಟರ್ ನೀರು ಇಳಿಸಿದರೆ ಅಚ್ಚರಿಯಿಲ್ಲ. ಅದೇ ಯಂತ್ರ ರಾಯಚೂರಿನ ಒಣ ಬಿಸಿಲಿನಲ್ಲಿ ಅಷ್ಟು ನೀರು ಇಳಿಸುವುದಿಲ್ಲ. ನೀರು ಬರುವುದು ದೋಷವಲ್ಲ, ಅದು ಹೋಗಬೇಕಾದ ದಾರಿಯಲ್ಲಿ ಹೋಗದಿರುವುದು ದೋಷ.

ಆದ್ದರಿಂದ ಮೊದಲು ಮನೆಯ ಹೊರಗೆ ಹೋಗಿ, ಡ್ರೈನ್ ಪೈಪಿನ ತುದಿಯನ್ನು ನೋಡಿ. ಎ.ಸಿ. ಅರ್ಧ ಗಂಟೆ ಓಡಿದ ಮೇಲೂ, ಕೋಣೆ ತಂಪಾದ ಮೇಲೂ ಅಲ್ಲಿ ನೀರು ಹನಿಯುತ್ತಿಲ್ಲವೆಂದರೆ ಪೈಪು ಕಟ್ಟಿಕೊಂಡಿದೆ ಎಂದೇ ತಿಳಿಯಬಹುದು. ಕಾಯಿಲ್‌ನ ಕೆಳಗಿನ ಟ್ರೇಯಲ್ಲಿ ಬಿದ್ದ ಧೂಳು ನೀರಿನೊಡನೆ ಸೇರಿ ಲೋಳೆಯಾಗಿ, ಪೈಪು ಆರಂಭವಾಗುವ ಕಿರಿದಾದ ಬಾಯಿಯಲ್ಲೇ ನಿಲ್ಲುತ್ತದೆ. ಬಳಸದ ತಿಂಗಳುಗಳಲ್ಲಿ ಈ ಲೋಳೆ ಒಣಗಿ ಗಟ್ಟಿಯಾಗುತ್ತದೆ. ಹೊರಗಿನ ತುದಿಯಲ್ಲಿ ಕಣಜಗಳು ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ತಿಂಗಳುಗಟ್ಟಲೆ ಬಿಟ್ಟು ಶುರು ಮಾಡಿದೊಡನೆ ಸೋರುವ ಎ.ಸಿ.ಗಳಲ್ಲಿ ನಾನು ಮೊದಲು ಶಂಕಿಸುವುದು ಇದನ್ನೇ, ನಿಮ್ಮ ವಿಷಯದಲ್ಲೂ ನನ್ನ ಊಹೆ ಇದೇ.

ಹೊರಗಿನ ತುದಿಗೆ, ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಹಿಡಿದು, ಸಂದಿಗೆ ಒದ್ದೆ ಬಟ್ಟೆ ಸುತ್ತಿ ಒಂದೆರಡು ನಿಮಿಷ ಎಳೆದರೆ ಕಪ್ಪು ಲೋಳೆಯ ತುಂಡುಗಳು ಹೊರಬರುತ್ತವೆ. ಹೊರಗಿನಿಂದ ಜೋರಾಗಿ ಗಾಳಿ ಊದುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದು ಕಸವನ್ನು ಮರಳಿ ಟ್ರೇಗೇ ತಳ್ಳುತ್ತದೆ. ಬ್ಲೀಚ್ ಅಥವಾ ಆಸಿಡ್ ಬಳಸಲೇಬಾರದು. ಕಾಯಿಲ್‌ನ ಅಲ್ಯೂಮಿನಿಯಂ ಎಲೆಗಳನ್ನು ಅವು ತಿನ್ನುತ್ತವೆ.

ಪೈಪು ಸ್ವಚ್ಛವಿದ್ದರೂ ಅದನ್ನು ಎಳೆದಿರುವ ರೀತಿ ತಪ್ಪಾಗಿರಬಹುದು. ಡ್ರೈನ್ ಪೈಪಿನಲ್ಲಿ ನೀರು ಹರಿಯುವುದು ಇಳಿಜಾರಿನಿಂದ ಮಾತ್ರ. ಆ ನೀರನ್ನು ತಳ್ಳುವ ಪಂಪು ಸಾಮಾನ್ಯ ಮನೆಯ ಎ.ಸಿ.ಗಳಲ್ಲಿ ಇರುವುದಿಲ್ಲ. ಸುಕ್ಕುಸುಕ್ಕಾದ ಬಿಳಿ ಪೈಪು ನಡುವೆ ಜೋತುಬಿದ್ದು ಮತ್ತೆ ಮೇಲೇರಿದ್ದರೆ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಅದರ ಹಿಂದೆ ಗಾಳಿ ಸಿಕ್ಕಿಕೊಳ್ಳುತ್ತದೆ, ಟ್ರೇ ತುಂಬಿ ಚೆಲ್ಲುತ್ತದೆ. ಗಿಡಗಳಿಗೆಂದು ನೀರು ಹಿಡಿಯುವ ಬಕೆಟ್ಟಿನೊಳಗೆ ಪೈಪಿನ ತುದಿ ಮುಳುಗಿದ್ದರೂ ಇದೇ ಕಥೆ. ನೀರು ಹಿಡಿಯುವುದು ಒಳ್ಳೆಯ ಅಭ್ಯಾಸವೇ, ಆದರೆ ತುದಿ ಬಕೆಟ್ಟಿನ ಅಂಚಿಗಿಂತ ಮೇಲಿರಲಿ. ಮತ್ತು ಆ ನೀರು ನೆಲ ಒರೆಸಲು, ಗಿಡಕ್ಕೆ ಹಾಕಲು ಆಗುತ್ತದೆಯೇ ಹೊರತು ಕುಡಿಯಲು ಯೋಗ್ಯವಲ್ಲ.

ಹೊರಗೆ ನೀರು ಧಾರಾಳವಾಗಿ ಬೀಳುತ್ತಿದ್ದು ಒಳಗೂ ಹನಿಯುತ್ತಿದ್ದರೆ ಹುಡುಕಾಟ ಬೇರೆ ಕಡೆ ಸಾಗಬೇಕು. ಯೂನಿಟ್ ಡ್ರೈನ್ ಇರುವ ಬದಿಗೆ ವಿರುದ್ಧವಾಗಿ ವಾಲಿದ್ದರೆ ಸಾಮಾನ್ಯವಾಗಿ ಒಂದೇ ಮೂಲೆಯಿಂದ ನೀರು ಇಳಿಯುತ್ತದೆ. ಗೋಡೆಯೊಳಕ್ಕೆ ಹೋಗುವ ತಾಮ್ರದ ಪೈಪಿನ ಕಪ್ಪು ಫೋಮ್ ಹೊದಿಕೆ ಹರಿದಿದ್ದರೆ ಪೈಪೇ ಬೆವರಿ ಯೂನಿಟ್‌ನ ಹಿಂಬದಿಯ ಗೋಡೆಯನ್ನು ನೆನೆಸುತ್ತದೆ. ಗಾಳಿಯೊಡನೆ ಹನಿಗಳು ಹಾರಿಬಂದರೆ ಕಾಯಿಲ್ ಅಥವಾ ಬ್ಲೋವರ್ (ಗಾಳಿ ತಳ್ಳುವ ಒಳಗಿನ ಫ್ಯಾನ್) ಕೊಳೆಯಾಗಿದೆ ಎಂದರ್ಥ. ಬಾಗಿಲು ತೆರೆದಿಟ್ಟು 16 ಡಿಗ್ರಿಗೆ ಇಟ್ಟಾಗ ಗಾಳಿ ಬರುವ ರೆಕ್ಕೆಗಳ ಮೇಲೆ ಕೂರುವ ಹನಿಗಳಿಗೆ ಮಾತ್ರ ರಿಪೇರಿ ಬೇಕಿಲ್ಲ. ಬಾಗಿಲು ಮುಚ್ಚಿ 24ಕ್ಕೆ ಏರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಇನ್ನು ಗ್ಯಾಸಿನ ಮಾತು. ಗ್ಯಾಸ್ ಕಡಿಮೆಯಾದರೆ ನೀರು ಸೋರುವುದಿಲ್ಲವೆಂದು ಹೇಳಲಾಗದು. ಒತ್ತಡ ಇಳಿದಾಗ ಕಾಯಿಲ್‌ನ ಒಂದು ಭಾಗ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗಿ ಅಲ್ಲಿ ಮಂಜು ಕಟ್ಟುತ್ತದೆ, ಎ.ಸಿ. ನಿಂತಾಗ ಅದು ಕರಗಿ ಟ್ರೇಯ ಅಳವಿಗೆ ಮೀರಿ ಸುರಿಯುತ್ತದೆ. ಆದರೆ ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಗಳಿವೆ: ತಂಪು ಕುಗ್ಗಿರುತ್ತದೆ, ಕಾಯಿಲ್‌ನ ಒಂದು ತುದಿಯಲ್ಲಿ ಬಿಳಿ ಪದರವಿರುತ್ತದೆ, ಹೊರಗಿನ ಯೂನಿಟ್‌ಗೆ ಸೇರುವ ಸಣ್ಣ ಪೈಪಿನ ಮೇಲೂ ಹಲವು ಬಾರಿ ಮಂಜು ಕಾಣುತ್ತದೆ. ಕಾಯಿಲ್ ಪೂರ್ತಿ ಮಂಜಾಗಿ ಗಾಳಿಯೇ ಕಡಿಮೆ ಬರುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಧೂಳು ತುಂಬಿದ ಫಿಲ್ಟರ್ ಅನ್ನು. ಅದನ್ನು ತೊಳೆದು ನೆರಳಲ್ಲಿ ಒಣಗಿಸಿ ಹಾಕುವ ಕೆಲಸಕ್ಕೆ ಯಾರನ್ನೂ ಕರೆಯಬೇಕಿಲ್ಲ. ಮಂಜನ್ನು ಚಾಕುವಿನಿಂದ ಕೆರೆಯದೆ, ಫ್ಯಾನ್ ಮೋಡ್‌ನಲ್ಲಿ ಓಡಿಸಿ ಕರಗಿಸಿ.

ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ, ಏಕೆಂದರೆ ಅದು ಬಳಸಿ ಖರ್ಚಾಗುವ ಇಂಧನವಲ್ಲ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗುತ್ತದೆ. ನೈಟ್ರೋಜನ್ ಒತ್ತಡದಲ್ಲಿ ಜೋಡಣೆಗಳನ್ನು ಸಾಬೂನು ನೀರಿನಿಂದ ಪರೀಕ್ಷಿಸಿ, ಸೋರಿಕೆ ಮುಚ್ಚಿ, ವ್ಯಾಕ್ಯೂಮ್ ಮಾಡಿ (ಗ್ಯಾಸ್ ಪೈಪುಗಳೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರಗೆಳೆದು), ಹೊರಗಿನ ಯೂನಿಟ್‌ನ ಫಲಕದಲ್ಲಿ ಬರೆದಿರುವ ತೂಕದಷ್ಟೇ ತುಂಬಿಸುತ್ತೀರಾ ಎಂದು ಮೆಕ್ಯಾನಿಕ್ ಅವರನ್ನು ಕೇಳಿ. ಇಂದಿನ ಅನೇಕ ಎ.ಸಿ.ಗಳಲ್ಲಿರುವ ಆರ್-32 ಗ್ಯಾಸ್‌ಗೆ ಸ್ವಲ್ಪ ಮಟ್ಟಿಗೆ ಉರಿಯುವ ಗುಣವಿರುವುದರಿಂದ ಈ ಕೆಲಸ ತರಬೇತಿ ಪಡೆದವರದೇ.

ಮುಂಭಾಗದ ಮುಚ್ಚಳ ತೆಗೆಯುವ ಮುನ್ನ ಎಂಸಿಬಿ (ಎ.ಸಿ.ಗೆ ಹೋಗುವ ವಿದ್ಯುತ್ತನ್ನು ಕಡಿಯುವ ಸ್ವಿಚ್) ಆಫ್ ಮಾಡುವುದನ್ನು ಮರೆಯಬೇಡಿ. ನೀರು ಪ್ಲಗ್ಗಿನ ಅಥವಾ ಸ್ವಿಚ್ ಬೋರ್ಡಿನ ಕಡೆಗೆ ಹರಿಯುತ್ತಿದ್ದರೆ ಈ ಯಾವ ಪರೀಕ್ಷೆಯನ್ನೂ ಮಾಡದೆ, ಎಂಸಿಬಿ ಆಫ್ ಮಾಡಿಯೇ ಮೆಕ್ಯಾನಿಕ್‌ಗಾಗಿ ಕಾಯಬೇಕು.