ಎಕ್ಸ್ ನಂಬರ್ ಹೋಯಿತು, ಎಂಟು ಗಂಟೆ ಪಾಠ ಉಳಿಯಿತು

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಫ್ಯಾಮಿಲಿ ಡಾಕ್ಟರ್. ಓಪಿಯಾಯ್ಡ್ (ಅಫೀಮು, ಹೆರಾಯಿನ್ ಜಾತಿಯ ಅಮಲಿನ ಔಷಧಿ) ಚಟಕ್ಕೆ ಬಿದ್ದವರಿಗೆ, ಅದನ್ನು ಬಿಡಿಸುವ ಬ್ಯುಪ್ರೆನಾರ್ಫಿನ್ ಔಷಧಿ ಬರೆದುಕೊಡಲು ಅವಳು ಬೇರೆ ಕೋರ್ಸ್ ಮಾಡಿ, ಪ್ರತ್ಯೇಕ ಅನುಮತಿ ತಗೋಬೇಕಾ?

ಉತ್ತರ: ಪ್ರತ್ಯೇಕ ಅನುಮತಿ ಈಗ ಬೇಡ. ಎಂಟು ಗಂಟೆಯ ತರಬೇತಿ ಬೇಕು, ಆದರೆ ಅದು ಈ ಒಂದು ಔಷಧಿಗಾಗಿ ಅಲ್ಲ.

2000ದ ಕಾನೂನಿನಲ್ಲಿ ಈ ಔಷಧಿ ಬರೆಯಲು ಡಾಕ್ಟರು ಎಂಟು ಗಂಟೆ ಪಾಠ ಕೇಳಿ ಅರ್ಜಿ ಹಾಕಬೇಕಿತ್ತು. ಆಮೇಲೆ ಡಿಇಎ (ಅಮೆರಿಕದ ಮಾದಕ ಔಷಧಿ ನಿಯಂತ್ರಣ ಸಂಸ್ಥೆ) ಕೊಡುವ, ಎಕ್ಸ್ ಅಕ್ಷರದ ಇನ್ನೊಂದು ನಂಬರ್ ಸಿಗುತ್ತಿತ್ತು. ಶುರುವಿನಲ್ಲಿ ಒಂದು ಹೊತ್ತಿಗೆ 30 ರೋಗಿಗಳು ಮಾತ್ರ. 2016ರಲ್ಲಿ ನರ್ಸ್ ಪ್ರಾಕ್ಟಿಷನರ್‌ಗಳಿಗೂ (ಔಷಧಿ ಬರೆಯುವ ಅಧಿಕಾರವಿರುವ ಹಿರಿಯ ದರ್ಜೆಯ ನರ್ಸ್‌ಗಳು) ಅವಕಾಶ ಸಿಕ್ಕಿತು, ಆದರೆ ಅವರಿಗೆ 24 ಗಂಟೆ ತರಬೇತಿ. ನೋವಿಗೆ ಆಕ್ಸಿಕೋಡೋನ್ ಎಂಬ ಓಪಿಯಾಯ್ಡ್ ಮಾತ್ರೆ ಬರೆಯಲು ಫೆಡರಲ್ ಕಾನೂನು ಇಂಥ ಪಾಠ ಕೇಳುತ್ತಿರಲಿಲ್ಲ. ಆ ಮಾತ್ರೆಗೇ ಸಿಕ್ಕಿಬಿದ್ದವರನ್ನು ಬಿಡಿಸಲು ಹೊರಟರೆ ಕೇಳುತ್ತಿತ್ತು. ನನ್ನ ಮಟ್ಟಿಗೆ ಇದು ದೊಡ್ಡ ಅನ್ಯಾಯ.

2022ರ ಡಿಸೆಂಬರ್ 29ರಂದು ಸಹಿ ಬಿದ್ದ ಕಾನೂನು ಎಕ್ಸ್ ನಂಬರನ್ನೂ ರೋಗಿಗಳ ಮಿತಿಯನ್ನೂ ತೆಗೆದುಹಾಕಿತು. ಅದರ ಬದಲು ಪಾಠವನ್ನು ಎಲ್ಲರಿಗೂ ಹಂಚಿತು. 2023ರ ಜೂನ್ 27ರಿಂದ, ಇಂಥ ಔಷಧಿ ಬರೆದುಕೊಡಲು ಬೇಕಾದ ಡಿಇಎ ನೋಂದಣಿ ಮಾಡಿಸುವ ಅಥವಾ ನವೀಕರಿಸುವ ಡಾಕ್ಟರು, ದಂತವೈದ್ಯರು, ನರ್ಸ್ ಪ್ರಾಕ್ಟಿಷನರ್‌ಗಳೆಲ್ಲ ಚಟದ ಚಿಕಿತ್ಸೆ ಬಗ್ಗೆ ಎಂಟು ಗಂಟೆ ಕಲಿತಿರಬೇಕು. ಪಶುವೈದ್ಯರಿಗೆ ವಿನಾಯಿತಿ. ಒಮ್ಮೆ ಮುಗಿಸಿದರೆ ಸಾಕು, ಒಂದೇ ದಿನ ಕೂರಬೇಕಂತೇನಿಲ್ಲ. ಎಕ್ಸ್ ನಂಬರಿಗಾಗಿ ಹಿಂದೆ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ಚಟದ ಚಿಕಿತ್ಸೆಯಲ್ಲಿ ಬೋರ್ಡ್ ಸರ್ಟಿಫಿಕೇಟ್ ಇರುವವರು ಮತ್ತೆ ಮಾಡಬೇಕಿಲ್ಲ.

ಈ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಮೊದಲ ಡೋಸ್. ಬ್ಯುಪ್ರೆನಾರ್ಫಿನ್ ಮೆದುಳಿನಲ್ಲಿ ಬಿಗಿಯಾಗಿ ಅಂಟಿಕೊಂಡು, ಅಲ್ಲಿರುವ ಹೆರಾಯಿನನ್ನೋ ಫೆಂಟನಿಲನ್ನೋ ತಳ್ಳಿಬಿಡುತ್ತದೆ. ಆದರೆ ಅದರಷ್ಟು ಜೋರು ಇದಕ್ಕಿಲ್ಲ. ಅವಸರಪಟ್ಟು ಕೊಟ್ಟರೆ ರೋಗಿಗೆ ವಾಂತಿ, ಬೆವರು, ಮೈಕೈ ನೋವು ಒಮ್ಮೆಲೇ ನುಗ್ಗುತ್ತವೆ. ಹಾಗಾಗಿ ಹಳೆಯ ಅಮಲು ಇಳಿದ ಗುರುತು ಕಾಣುವ ತನಕ ಕಾಯಬೇಕು. ಆಕಳಿಕೆ ಬರಬೇಕು, ಮೂಗು ಸೋರಬೇಕು, ಕಣ್ಣಿನ ಪಾಪೆ ಹಿಗ್ಗಬೇಕು, ತೋಳಿನ ಮೇಲೆ ರೋಮ ಎದ್ದು ನಿಲ್ಲಬೇಕು. ಇವನ್ನೆಲ್ಲ ಅಂಕ ಹಾಕಿ ಅಳೆಯುವ ಪಟ್ಟಿಯೇ ಇದೆ. ಆಮೇಲೆ ನಾಲಿಗೆ ಕೆಳಗೆ ಔಷಧಿ, ಪೂರ್ತಿ ಕರಗುವ ತನಕ ನುಂಗುವ ಹಾಗಿಲ್ಲ. ಮೊದಲ ದಿನವೇ ನರಳಿದವರು ಮತ್ತೆ ಆ ಬಾಗಿಲಿಗೆ ಬರಲು ಹೆದರುತ್ತಾರೆ, ಅಲ್ವಾ?

ಇದೇ ಚಟಕ್ಕೆ ಕೊಡುವ ಇನ್ನೊಂದು ಔಷಧಿ ಮೆಥಡೋನ್ ವಿಷಯ ಬೇರೆ. ಚಟದ ಚಿಕಿತ್ಸೆಗೆ ಅದನ್ನು ಕೊಡುವುದು ಸರ್ಕಾರದ ಮಾನ್ಯತೆ ಪಡೆದ ವಿಶೇಷ ಕೇಂದ್ರಗಳು. ಈ ಎಂಟು ಗಂಟೆ ಮುಗಿಸಿದ ಮಾತ್ರಕ್ಕೆ ನಿಮ್ಮ ಮಗಳು ಅದನ್ನು ಚೀಟಿ ಬರೆದು ಮೆಡಿಕಲ್ ಶಾಪಿಗೆ ಕಳಿಸುವ ಹಾಗಿಲ್ಲ.

ಡಿಇಎ ನವೀಕರಣ ಮೂರು ವರ್ಷಕ್ಕೊಮ್ಮೆ. ಫಾರಂನಲ್ಲಿ ‘ತರಬೇತಿ ಆಗಿದೆ’ ಎಂದು ಒಂದು ಸಲ ಟಿಕ್ ಹಾಕಬೇಕು. ಸರ್ಟಿಫಿಕೇಟನ್ನು ಜೋಪಾನವಾಗಿ ಎತ್ತಿಡಲಿ. ತನ್ನ ರಾಜ್ಯದ ನಿಯಮವನ್ನೂ ಒಮ್ಮೆ ನೋಡಿಕೊಳ್ಳಲಿ.